ಆ್ಯಂಟಿಕೋಲಿನರ್ಜಿಕ್ ಔಷಧಗಳ ದುರ್ಬಳಕೆ: ಕಲಬುರಗಿ ಜಿಲ್ಲೆಯ ಐದು ಊರುಗಳ ಹಿನ್ನೆಲೆಯಲ್ಲಿ

ಮನೋರೋಗದ ಔಷಧಗಳಿಂದ ಬರುವ ಕೈನಡುಕ, ಕುತ್ತಿಗೆ ಸೆಳೆತ, ಮೈಬಿಗಿತಗಳನ್ನು ತಗ್ಗಿಸಲು ವೈದ್ಯರು ಜೊತೆಗೊಂದು ಮಾತ್ರೆ ಬರೆದುಕೊಡುತ್ತಾರೆ. ರೋಗಿ ಅದನ್ನು ಹೇಳಿದ್ದಕ್ಕಿಂತ ಹೆಚ್ಚು ನುಂಗುವುದು, ಅಗತ್ಯ ಮುಗಿದ ಮೇಲೂ ಬಿಡದಿರುವುದು, ನಶೆಗಾಗಿ ಬಳಸುವುದು, ಇನ್ನೊಬ್ಬರಿಗೆ ಹಂಚುವುದು, ಮಾರುವುದು ಇವೆಲ್ಲ ಆ್ಯಂಟಿಕೋಲಿನರ್ಜಿಕ್ ಔಷಧಗಳ ದುರ್ಬಳಕೆ ಎನಿಸಿಕೊಳ್ಳುತ್ತವೆ. ಈ ಗುಂಪಿನಲ್ಲಿ ಭಾರತದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಟ್ರೈಹೆಕ್ಸಿಫೆನಿಡಿಲ್. ಬೆಂಜ್‌ಹೆಕ್ಸಾಲ್ ಎಂಬುದು ಅದರ ಹಳೆಯ ಹೆಸರು. ಪ್ಯಾಸಿಟೇನ್ ಎಂಬ ಮಾರಾಟದ ಹೆಸರಿನಿಂದ ಅದು ಹೆಚ್ಚು ಪರಿಚಿತ. ಬೈಪೆರಿಡಿನ್, ಬೆಂಜ್‌ಟ್ರೋಪಿನ್, ಪ್ರೊಸೈಕ್ಲಿಡಿನ್ ಇದೇ ಗುಂಪಿನ ಇತರ ಔಷಧಗಳು. ಅಲರ್ಜಿಗೆ ಕೊಡುವ ಪ್ರೊಮೆಥಜಿನ್‌ಗೂ ಇದೇ ಗುಣವಿದ್ದು, ಸೆಳೆತ ಬಿಡಿಸಲು ಅದನ್ನು ಚುಚ್ಚುಮದ್ದಾಗಿ ಕೊಡುವುದುಂಟು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ಆಗ್ನೇಯ ಭಾಗದ ಊರುಗಳು. ಇಲ್ಲಿನ ಬಿಸಿಲು, ಕಲ್ಲಿನ ಖಣಿಯ ದುಡಿಮೆ, ಗುಳೆ ಹೋಗುವ ಬದುಕು, ಮೂರು ರಾಜ್ಯಗಳ ದವಾಖಾನೆಗಳ ನಡುವಿನ ಓಡಾಟ ಈ ಔಷಧದ ಲಾಭವನ್ನೂ ಅಪಾಯವನ್ನೂ ನಿರ್ಧರಿಸುತ್ತವೆ. ಎಲ್ಲ ಊರುಗಳಿಗೂ ಹೊಂದುವ ಔಷಧಶಾಸ್ತ್ರವನ್ನು ಈ ಊರುಗಳ ಸ್ಥಿತಿಗತಿಯ ಜೊತೆಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಔಷಧ ಕೆಲಸ ಮಾಡುವ ಬಗೆ

ಅಸಿಟೈಲ್‌ಕೋಲಿನ್ ನರಗಳು ಸಂದೇಶ ಸಾಗಿಸಲು ಬಳಸುವ ರಾಸಾಯನಿಕ. ನರಗಳು ರಾಸಾಯನಿಕಗಳ ಮೂಲಕ ಮಾತಾಡುತ್ತವೆ ಎಂಬುದನ್ನು ಆಟೋ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಅವರಿಗೂ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಜೊಲ್ಲು ಸುರಿಸುವುದು, ಬೆವರು ಹರಿಸುವುದು, ಕರುಳನ್ನು ಚಲಿಸುವುದು, ಮೂತ್ರಕೋಶವನ್ನು ಕುಗ್ಗಿಸುವುದು, ಕಣ್ಣಿನ ಪಾಪೆಯನ್ನು ಕಿರಿದಾಗಿಸುವುದು, ನೆನಪನ್ನು ಕಟ್ಟಿಡುವುದು ಇವೆಲ್ಲ ಅಸಿಟೈಲ್‌ಕೋಲಿನ್ ನಡೆಸುವ ಕೆಲಸಗಳು. ಆ್ಯಂಟಿಕೋಲಿನರ್ಜಿಕ್ ಔಷಧ ಈ ಕೆಲಸಗಳಿಗೆ ತಡೆ ಒಡ್ಡುತ್ತದೆ.

ಚಲನೆಯನ್ನು ಹತೋಟಿಯಲ್ಲಿಡುವ ಮಿದುಳಿನ ಸ್ಟ್ರಯೇಟಂ ಭಾಗದಲ್ಲಿ ಡೋಪಮಿನ್ ಮತ್ತು ಅಸಿಟೈಲ್‌ಕೋಲಿನ್ ಒಂದನ್ನೊಂದು ಸರಿತೂಗಿಸುತ್ತವೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿಗೆ ಕೊಡುವ ಹ್ಯಾಲೊಪೆರಿಡಾಲ್, ಟ್ರೈಫ್ಲುಪೆರಜಿನ್, ಫ್ಲುಫೆನಜಿನ್, ರಿಸ್ಪೆರಿಡೋನ್ ಮೊದಲಾದ ಔಷಧಗಳು ಡೋಪಮಿನ್‌ನ ಡಿ2 ಗ್ರಾಹಕಗಳನ್ನು ಮುಚ್ಚುತ್ತವೆ. ಭ್ರಮೆ, ಇಲ್ಲದ ದನಿ ಕೇಳಿಸುವುದು ಇದರಿಂದ ತಗ್ಗುತ್ತವೆ. ಆದರೆ ಸ್ಟ್ರಯೇಟಂನಲ್ಲಿ ಡೋಪಮಿನ್ ಕೈ ಕೆಳಗಾಗಿ ಅಸಿಟೈಲ್‌ಕೋಲಿನ್ ಮೇಲುಗೈ ಪಡೆಯುತ್ತದೆ. ಆಗ ಮುಖ ಕಳೆಗುಂದುತ್ತದೆ, ನಡಿಗೆ ನಿಧಾನವಾಗುತ್ತದೆ, ಕೈ ನಡುಗುತ್ತದೆ, ಮೈ ಮರದಂತೆ ಬಿಗಿಯುತ್ತದೆ. ಟ್ರೈಹೆಕ್ಸಿಫೆನಿಡಿಲ್ ಅಸಿಟೈಲ್‌ಕೋಲಿನ್‌ನ ಕೈಯನ್ನು ತಡೆದು ಮತ್ತೆ ಸಮತೋಲ ತರುತ್ತದೆ.

ಇದೇ ಔಷಧ ಮಿದುಳಿನ ಎಂ1 ಗ್ರಾಹಕಗಳ ಮೇಲೆ ಕೆಲಸ ಮಾಡುವಾಗ ಖುಷಿ, ಹುರುಪು, ಮಾತಿನ ಸಲೀಸು, ಸಂಕೋಚದಿಂದ ಬಿಡುಗಡೆಯ ಅನುಭವವನ್ನೂ ಕೊಡಬಲ್ಲದು. ಹೀಗೆ ಪರಿಹಾರಕ್ಕೆಂದು ಬಂದ ಗುಳಿಗೆಯೇ ಚಟಕ್ಕೂ ದಾರಿಯಾಗುತ್ತದೆ. ಈ ಅನುಭವ ಎಲ್ಲರಿಗೂ ಆಗುವುದಿಲ್ಲ. ಆದವರು ಅದನ್ನು ಮತ್ತೆ ಹುಡುಕುತ್ತಾರೆ.

ಗಿಡದಿಂದ ಮಾತ್ರೆಗೆ

ಟ್ರೈಹೆಕ್ಸಿಫೆನಿಡಿಲ್‌ನ ಗುಣ ಈ ನಾಡಿಗೆ ಹೊಸದಲ್ಲ. ಹೊಲದ ಬದುವಿನಲ್ಲೂ ಹಾಳುಗೋಡೆಯ ಪಕ್ಕದಲ್ಲೂ ಬೆಳೆಯುವ ದತ್ತೂರಿ, ಅಂದರೆ ಉಮ್ಮತ್ತಿ ಗಿಡದ ಬೀಜ, ಎಲೆ, ಹೂವುಗಳಲ್ಲಿ ಅಟ್ರೊಪಿನ್, ಹಯೊಸಯಮಿನ್, ಸ್ಕೊಪೊಲಮಿನ್ ಇವೆ. ಮೂರೂ ಅಸಿಟೈಲ್‌ಕೋಲಿನ್‌ಗೆ ಅಡ್ಡ ಬರುವ ವಸ್ತುಗಳೇ. ಶಿವಪೂಜೆಗೆ ಸಲ್ಲುವ ಈ ಹೂವಿನ ಗಿಡ ನುಂಗಿದವರನ್ನು ಮತಿಗೆಡಿಸುತ್ತದೆ ಎಂಬುದು ಹಳ್ಳಿಗಳಲ್ಲಿ ಹಿರಿಯರೆಲ್ಲರಿಗೂ ಗೊತ್ತು. ದಾರಿಹೋಕರಿಗೆ ದತ್ತೂರಿ ಬೆರೆಸಿದ ತಿನಿಸು ಕೊಟ್ಟು ದೋಚುವುದು ಬ್ರಿಟಿಷ್ ಕಾಲದ ಪೊಲೀಸ್ ದಾಖಲೆಗಳಲ್ಲಿ ಪ್ರತ್ಯೇಕ ಅಪರಾಧವಾಗಿಯೇ ನಮೂದಾಗಿದೆ.

ಪ್ಯಾರಿಸ್‌ನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೊ 19ನೆಯ ಶತಮಾನದಲ್ಲೇ ಪಾರ್ಕಿನ್‌ಸನ್ ಕಾಯಿಲೆಯ ನಡುಕಕ್ಕೆ ಇದೇ ಕುಟುಂಬದ ಗಿಡಗಳ ಸಾರವನ್ನು ಬಳಸಿದ್ದರು. ಅದೇ ಕೆಲಸಕ್ಕೆ ಕೃತಕವಾಗಿ ತಯಾರಿಸಿದ ಟ್ರೈಹೆಕ್ಸಿಫೆನಿಡಿಲ್ 1949ರಲ್ಲಿ ಬಳಕೆಗೆ ಬಂತು. 1952ರಲ್ಲಿ ಪ್ಯಾರಿಸ್‌ನ ಸೇಂಟ್ ಆನ್ ಆಸ್ಪತ್ರೆಯ ಜಾನ್ ಡಿಲೇ ಮತ್ತು ಪಿಯೇರ್ ಡೆನಿಕರ್ ಕ್ಲೋರ್‌ಪ್ರೊಮಜಿನ್‌ನಿಂದ ಮನೋರೋಗ ತಗ್ಗುವುದನ್ನು ತೋರಿಸಿದರು. 1958ರಲ್ಲಿ ಬೆಲ್ಜಿಯಂನ ಪಾಲ್ ಯಾನ್ಸನ್ ಪ್ರಯೋಗಾಲಯದಿಂದ ಹ್ಯಾಲೊಪೆರಿಡಾಲ್ ಬಂತು. ಈ ಔಷಧಗಳು ಹುಚ್ಚಾಸ್ಪತ್ರೆಯ ಸರಪಳಿಗಳನ್ನು ಕಳಚಿದವು. ಜೊತೆಗೆ ಪಾರ್ಕಿನ್‌ಸನ್ ಕಾಯಿಲೆಯನ್ನು ಹೋಲುವ ಬಿಗಿತವನ್ನೂ ತಂದವು. ಹೀಗೆ ಪಾರ್ಕಿನ್‌ಸನ್‌ಗೆಂದು ಹುಟ್ಟಿದ ಗುಳಿಗೆ ಮನೋವೈದ್ಯರ ಚೀಟಿಯಲ್ಲಿ ಕಾಯಂ ಜಾಗ ಪಡೆಯಿತು.

ಇದರ ದುರ್ಬಳಕೆಯ ವರದಿಗಳು 1960ರ ಸುಮಾರಿಗೇ ವೈದ್ಯಕೀಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡವು. ಮುಂದೆ ಸೋವಿಯತ್ ಒಕ್ಕೂಟದಲ್ಲಿ ಸೈಕ್ಲೊಡಾಲ್ ಎಂಬ ಹೆಸರಿನಲ್ಲಿ, ಬ್ರೆಜಿಲ್‌ನ ಬೀದಿಮಕ್ಕಳಲ್ಲಿ, ಇರಾಕ್‌ನಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಆರ್ಟೇನ್ ಎಂಬ ಹೆಸರಿನಲ್ಲಿ ಇದು ನಶೆಯ ಗುಳಿಗೆಯಾಗಿ ಹರಡಿತು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸಹಮತದ ಹೇಳಿಕೆ ಹೊರಡಿಸಿ, ದೀರ್ಘಕಾಲ ಮನೋರೋಗದ ಔಷಧ ಪಡೆಯುವ ಪ್ರತಿಯೊಬ್ಬರಿಗೂ ಮುನ್ನೆಚ್ಚರಿಕೆಯ ಹೆಸರಿನಲ್ಲಿ ಈ ಮಾತ್ರೆ ಕೊಡುವ ರೂಢಿ ಸರಿಯಲ್ಲವೆಂದರು. ಆ ರೂಢಿ ಭಾರತದಲ್ಲಿ ಇಂದಿಗೂ ಉಳಿದಿದೆ. ರಿಸ್ಪೆರಿಡೋನ್ ಮತ್ತು ಟ್ರೈಹೆಕ್ಸಿಫೆನಿಡಿಲ್ ಎರಡನ್ನೂ ಸೇರಿಸಿದ ಒಂದೇ ಮಾತ್ರೆ ಮಾರುಕಟ್ಟೆಯಲ್ಲಿದೆ. ಟ್ರೈಫ್ಲುಪೆರಜಿನ್, ಕ್ಲೋರ್‌ಪ್ರೊಮಜಿನ್, ಟ್ರೈಹೆಕ್ಸಿಫೆನಿಡಿಲ್ ಮೂರನ್ನೂ ಬೆರೆಸಿದ್ದೂ ಇದೆ. ಇಂಥ ಜೋಡಿ ಮಾತ್ರೆ ನುಂಗುವ ರೋಗಿಗೆ ತನ್ನ ಹೊಟ್ಟೆಗೆ ಎರಡನೆಯ ಔಷಧವೊಂದು ಹೋಗುತ್ತಿದೆ ಎಂಬುದೇ ತಿಳಿದಿರುವುದಿಲ್ಲ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಇಳಿಸುವ ದಾರಿಯೂ ಇದರಿಂದ ಮುಚ್ಚಿಹೋಗುತ್ತದೆ.

ಪ್ರದೇಶ ಮತ್ತು ಚಿಕಿತ್ಸೆಯ ದಾರಿಗಳು

ಕಲಬುರಗಿ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ವ್ಯಾಪಾರ, ನೆಂಟಸ್ತನ, ದವಾಖಾನೆ ಎಲ್ಲಕ್ಕೂ ಹೈದರಾಬಾದ್‌ನತ್ತ ನೋಡುವ ವಾಡಿಕೆ ಇಂದಿಗೂ ಇದೆ. ವಾಡಿ ಜಂಕ್ಷನ್‌ನಲ್ಲಿ ಸೊಲ್ಲಾಪುರ, ಗುಂತಕಲ್ ಮತ್ತು ಸಿಕಂದರಾಬಾದ್ ಕಡೆಯ ಹಳಿಗಳು ಕೂಡುತ್ತವೆ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಸಿಕಂದರಾಬಾದ್ ಹಳಿಯ ಮೇಲಿವೆ. ಶಹಾಬಾದ್ ಸೊಲ್ಲಾಪುರದ ಹಳಿಯ ಮೇಲಿದೆ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯವರಿಗೆ ತಾಂಡೂರು, ಜಹೀರಾಬಾದ್ ರಸ್ತೆಗಳೇ ಹತ್ತಿರ. ಹೀಗಾಗಿ ಒಬ್ಬನೇ ರೋಗಿಯ ಬಳಿ ಕಲಬುರಗಿಯ ಚೀಟಿ, ಸೊಲ್ಲಾಪುರದ ಚೀಟಿ, ಹೈದರಾಬಾದ್‌ನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಚೀಟಿ ಮೂರೂ ಇರಬಹುದು. ಒಂದು ಚೀಟಿಯ ವೈದ್ಯರಿಗೆ ಇನ್ನೊಂದರ ಸುದ್ದಿ ಇರುವುದಿಲ್ಲ. ಮೂರರಲ್ಲೂ ನಡುಕದ ಮಾತ್ರೆ ಇದ್ದರೆ ಮೂರು ಪಟ್ಟು ಗುಳಿಗೆ ಕೈಗೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ ಸುಮಾರು 600 ಕಿ.ಮೀ. ದೂರ. 1845ರಷ್ಟು ಹಿಂದೆ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ, ಇಂದಿನ ಡಿಮ್ಹಾನ್ಸ್, ಕೂಡ ಒಂದು ದಿನದಲ್ಲಿ ಹೋಗಿಬರುವ ದಾರಿಯಲ್ಲ.

ದವಾಖಾನೆಗೆ ಮೊದಲು ಬಹಳ ಮನೆಗಳವರು ದೇವರ ಬಳಿಗೆ ಹೋಗುತ್ತಾರೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರ, ಕಲಬುರಗಿಯ ಖ್ವಾಜಾ ಬಂದಾ ನವಾಜ್ ದರ್ಗಾ ಇಂಥ ಕುಟುಂಬಗಳ ಆಸರೆ. ಭಕ್ತಿಗೂ ಮಾತ್ರೆಗೂ ಜಗಳವಿಲ್ಲ. ತಡವಾಗುವುದು ಮಾತ್ರ ಹಾನಿ. ತಡವಾಗಿ ಬಂದ ರೋಗಿಯ ಉದ್ರೇಕ ಇಳಿಸಲು ದೊಡ್ಡ ಪ್ರಮಾಣದ ಚುಚ್ಚುಮದ್ದು ಬೇಕಾಗುತ್ತದೆ. ಹದಿಹರೆಯದ, ಯುವ ವಯಸ್ಸಿನ ಗಂಡಸರಲ್ಲಿ ಹ್ಯಾಲೊಪೆರಿಡಾಲ್ ಕೊಟ್ಟ ಮೊದಲ ಮೂರು ನಾಲ್ಕು ದಿನಗಳಲ್ಲೇ ಸೆಳೆತ ಬರುವ ಸಂಭವ ಹೆಚ್ಚು. ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುತ್ತದೆ, ನಾಲಿಗೆ ಹೊರಗೆ ಬರುತ್ತದೆ, ಕಣ್ಣಗುಡ್ಡೆಗಳು ಮೇಲಕ್ಕೆ ಸಿಕ್ಕಿಬೀಳುತ್ತವೆ. ನೋಡಿದವರು ಮತ್ತೆ ದೆವ್ವ ಬಡಿಯಿತೆಂದು ಹೆದರಿ ಎಲ್ಲ ಔಷಧವನ್ನೂ ನಿಲ್ಲಿಸಿಬಿಡುತ್ತಾರೆ. ಇಂಥ ಹೊತ್ತಿನಲ್ಲಿ ಒಂದು ಆ್ಯಂಟಿಕೋಲಿನರ್ಜಿಕ್ ಚುಚ್ಚುಮದ್ದು ಅರ್ಧ ಗಂಟೆಯಲ್ಲಿ ಸೆಳೆತ ಬಿಡಿಸುತ್ತದೆ, ಚಿಕಿತ್ಸೆಯ ಮೇಲಿನ ನಂಬಿಕೆಯನ್ನೂ ಉಳಿಸುತ್ತದೆ. ಈ ಔಷಧವನ್ನು ಕೆಟ್ಟದ್ದೆಂದು ಪಕ್ಕಕ್ಕೆ ತಳ್ಳುವಂತಿಲ್ಲ.

ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ಕರ್ನಾಟಕವೇ. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರು ಬಳಿಯ ಸಕಲವಾರದಲ್ಲಿ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಬೆರಳೆಣಿಕೆಯ ಔಷಧಗಳಿಂದ ಚಿಕಿತ್ಸೆ ಸಾಧ್ಯವೆಂದು ಸಾಬೀತುಪಡಿಸಿತು. ಆರ್. ಶ್ರೀನಿವಾಸ ಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮೊದಲಾದ ಮನೋವೈದ್ಯರು ಈ ಕೆಲಸದಲ್ಲಿ ತೊಡಗಿದ್ದರು. ಬಳ್ಳಾರಿ ಮಾದರಿಯ ಮೇಲೆಯೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆರಂಭವಾಯಿತು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಚಿಕಿತ್ಸಾಲಯಗಳು ಬಂದವು. ಕಲಬುರಗಿ ನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು, ಇಎಸ್‌ಐ ಕಾಲೇಜು, 1963ರಲ್ಲಿ ಸ್ಥಾಪನೆಯಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜುಗಳಿವೆ. ಔಷಧ ಹಳ್ಳಿಯವರೆಗೆ ತಲುಪಿದ್ದು ದೊಡ್ಡ ಸಾಧನೆ. ತಲುಪಿದ ಔಷಧವನ್ನು ಕಾಲಕಾಲಕ್ಕೆ ಮರಳಿ ನೋಡುವ ಏರ್ಪಾಡು ಅದೇ ವೇಗದಲ್ಲಿ ಬೆಳೆಯಲಿಲ್ಲ. ದುರ್ಬಳಕೆಗೆ ಜಾಗ ಸಿಗುವುದು ಇಲ್ಲೇ.

ದುರ್ಬಳಕೆಯ ರೂಪಗಳು

ಎಲ್ಲ ದುರ್ಬಳಕೆಯೂ ನಶೆಗಾಗಿ ಅಲ್ಲ. ರೋಗಿಗಳಲ್ಲಿ ಕಾಣುವ ಬಗೆಗಳನ್ನು ಬೇರ್ಪಡಿಸಿ ನೋಡಿದರೆ ಮಾತ್ರ ಪರಿಹಾರ ಸಿಗುತ್ತದೆ.

ಅತಿ ಸಾಮಾನ್ಯವಾದದ್ದು ಮುಂದುವರಿದ ಬಳಕೆ. ಮೊದಲ ವಾರಗಳಲ್ಲಿ ಅಗತ್ಯವಿತ್ತೆಂದು ಕೊಟ್ಟ ಮಾತ್ರೆ ವರ್ಷಗಟ್ಟಲೆ ಚೀಟಿಯಲ್ಲಿ ಉಳಿಯುತ್ತದೆ. ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುವವರು ಹಳೆಯ ಚೀಟಿಯನ್ನೇ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ಕೊಳ್ಳುತ್ತಾರೆ. ರೋಗಿಯ ತಪ್ಪು ಇಲ್ಲಿ ಏನೂ ಇಲ್ಲ.

ಎರಡನೆಯದು ಸ್ವಯಂಚಿಕಿತ್ಸೆ. ಸ್ಕಿಜೋಫ್ರೇನಿಯಾದ ರೋಗಿಗೆ ದನಿಗಳು ನಿಂತ ಮೇಲೂ ಜಡತನ, ನಿರುತ್ಸಾಹ, ನಾಲ್ಕು ಜನರ ನಡುವೆ ಕೂರಲಾಗದ ಸಂಕೋಚ ಉಳಿಯುತ್ತವೆ. ಈ ಗುಳಿಗೆ ಒಂದೆರಡು ಹೆಚ್ಚು ನುಂಗಿದಾಗ ಮೈ ಹಗುರಾಗಿ ಮಾತು ಬರುತ್ತದೆ. ಮದುವೆ ಮನೆಗೆ ಹೋಗುವ ಮೊದಲು, ಕೆಲಸ ಕೇಳಲು ಹೋಗುವ ಮೊದಲು ನುಂಗುವ ಅಭ್ಯಾಸ ಹೀಗೆ ಬೆಳೆಯುತ್ತದೆ. ಇದರ ಹಿಂದೆ ಸಾಮಾನ್ಯ ಮನುಷ್ಯನಂತೆ ಬಾಳುವ ಆಸೆ ಇದೆ. ಕೆಲವೊಮ್ಮೆ ನಿಜವಾದ ಬಿಗಿತ ಮತ್ತು ಚಡಪಡಿಕೆ ಪೂರ್ತಿ ತಗ್ಗದೆ ಉಳಿದಿರುವುದೂ ಇದಕ್ಕೆ ಕಾರಣ.

ಮೂರನೆಯದು ನಶೆಗಾಗಿ ಬಳಕೆ. ಹೇಳಿದ ಪ್ರಮಾಣದ ಹಲವು ಪಟ್ಟು ಒಮ್ಮೆಲೇ ನುಂಗುವುದು, ಸಾರಾಯಿ, ಗಾಂಜಾ ಅಥವಾ ನಿದ್ದೆ ಗುಳಿಗೆಯ ಜೊತೆ ಬೆರೆಸುವುದು, ಇಲ್ಲದ ನಡುಕ ತೋರಿಸಿ ಮಾತ್ರೆ ಕೇಳುವುದು, ಚೀಟಿ ಕಳೆದುಹೋಯಿತೆಂದು ಮತ್ತೆ ಮತ್ತೆ ಬರುವುದು, ಮನೋರೋಗದ ಮುಖ್ಯ ಔಷಧವನ್ನು ಬಿಟ್ಟು ಇದೊಂದನ್ನೇ ಬೇಡುವುದು ಇದರ ಗುರುತುಗಳು. ಗಂಡಸರು, ಯುವಕರು, ಮೊದಲೇ ಬೇರೆ ಚಟವಿದ್ದವರು ಈ ಗುಂಪಿನಲ್ಲಿ ಹೆಚ್ಚು ಎಂದು ಬೇರೆ ಬೇರೆ ದೇಶಗಳ ವರದಿಗಳು ಹೇಳುತ್ತವೆ. ಜೈಲುಗಳಲ್ಲಿ ಇದು ಕೈಬದಲಾಗುವ ಸರಕೂ ಆಗಿದೆ.

ಅಪಾಯಗಳು

ಬಾಯಿ ಒಣಗುವುದು, ಹತ್ತಿರದ ಅಕ್ಷರ ಮಂಜಾಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಎದೆಬಡಿತ ಹೆಚ್ಚುವುದು ಸರಿಯಾದ ಪ್ರಮಾಣದಲ್ಲೂ ಕಾಣುವ ತೊಂದರೆಗಳು. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕುತ್ತವೆ. ಕಣ್ಣಿನ ಒತ್ತಡದ ಕಾಯಿಲೆ ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ಗ್ರಂಥಿಯ ಬಾವು ಇರುವ ಹಿರಿಯರಿಗೆ ಇದು ತುರ್ತು ಸ್ಥಿತಿಯನ್ನೇ ತರಬಹುದು. ಕರುಳಿನ ಚಲನೆ ಪೂರ್ತಿ ನಿಂತರೆ ಜೀವಕ್ಕೆ ಅಪಾಯ. ಕ್ಲೋರ್‌ಪ್ರೊಮಜಿನ್, ಕ್ಲೋಜಪಿನ್, ಅಮಿಟ್ರಿಪ್ಟಿಲಿನ್‌ಗಳಿಗೂ ಆ್ಯಂಟಿಕೋಲಿನರ್ಜಿಕ್ ಗುಣವಿದೆ. ಇವುಗಳ ಮೇಲೆ ಟ್ರೈಹೆಕ್ಸಿಫೆನಿಡಿಲ್ ಸೇರಿದರೆ ಹೊರೆ ಕೂಡುತ್ತ ಹೋಗುತ್ತದೆ.

ಈ ಐದು ಊರುಗಳಲ್ಲಿ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಅಪಾಯ ಬಿಸಿಲಿನದು. ಬೆವರಿನ ಗ್ರಂಥಿಗಳಿಗೆ ಆದೇಶ ಹೋಗುವುದು ಅಸಿಟೈಲ್‌ಕೋಲಿನ್ ಮೂಲಕ. ಈ ಮಾತ್ರೆ ನುಂಗಿದವರಿಗೆ ಬೆವರು ಕಡಿಮೆ, ಆದ್ದರಿಂದ ಮೈಯ ಕಾವು ಹೊರಹೋಗುವ ದಾರಿಯೂ ಕಿರಿದು. ಮನೋರೋಗದ ಔಷಧಗಳು ಮಿದುಳಿನ ತಾಪ ನಿಯಂತ್ರಣವನ್ನೂ ಸ್ವಲ್ಪ ಕೆಡಿಸುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟಿ 45ರ ಹತ್ತಿರ ಹೋಗುತ್ತದೆ. ಶಹಾಬಾದ್, ಚಿತ್ತಾಪುರದ ಸುತ್ತ ಫರ್ಸಿ ಕಲ್ಲಿನ ಖಣಿಗಳಿವೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಎಲ್ಲೆಡೆ ಹೊಲದ ಕೂಲಿ ಇದೆ. ನೆರಳಿಲ್ಲದ ಖಣಿಯಲ್ಲಿ ದುಡಿಯುವ ರೋಗಿ ಎರಡೂ ಬಗೆಯ ಮಾತ್ರೆ ನುಂಗುತ್ತಿದ್ದರೆ, ಉಳಿದವರು ತಾಳಿಕೊಳ್ಳುವ ಬಿಸಿಲಿನಲ್ಲೂ ಅವನಿಗೆ ಉಷ್ಣಾಘಾತ ಆಗಬಹುದು. ಮೈ ಸುಡುತ್ತಿದ್ದು ಚರ್ಮ ಒಣಗಿದ್ದರೆ, ಮಾತು ತೊದಲಿದರೆ, ಅದು ಕಾಯಿಲೆ ಮರುಕಳಿಸಿದ್ದಲ್ಲ. ನೆರಳಿಗೆ ಒಯ್ದು, ಮೈಗೆ ನೀರು ಸುರಿದು, ಗಾಳಿ ಬೀಸಿ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಬೇಸಿಗೆ ಬರುವ ಮೊದಲು ಈ ಮಾತ್ರೆ ಇನ್ನೂ ಬೇಕೇ ಎಂದು ವೈದ್ಯರಲ್ಲಿ ಕೇಳುವುದು ಇಲ್ಲಿನ ಪ್ರತಿ ಕುಟುಂಬದ ವಾಡಿಕೆಯಾಗಬೇಕು.

ದೀರ್ಘಕಾಲದ ಬಳಕೆ ನೆನಪನ್ನು ತಿನ್ನುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಗಮನ, ನೆನಪು ಮೊದಲೇ ಕುಗ್ಗಿರುತ್ತವೆ. ಗುಳಿಗೆ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಅಮೆರಿಕದ ಸಿಯಾಟಲ್ ಪ್ರದೇಶದ 3,434 ಹಿರಿಯರನ್ನು ಅನುಸರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಬಲ ಆ್ಯಂಟಿಕೋಲಿನರ್ಜಿಕ್ ಗುಣದ ಔಷಧಗಳನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಮರೆವಿನ ಕಾಯಿಲೆ ಹೆಚ್ಚು ಕಂಡುಬಂತು. ಇನ್ನೊಂದು ತೊಡಕು ಟಾರ್ಡಿವ್ ಡಿಸ್ಕಿನೇಸಿಯಾ. ಮನೋರೋಗದ ಔಷಧವನ್ನು ದೀರ್ಘಕಾಲ ನುಂಗಿದ ಮೇಲೆ ತುಟಿ, ನಾಲಿಗೆ, ದವಡೆ ತಾನಾಗಿ ಆಡುವ ಸ್ಥಿತಿಯಿದು. ಇದಕ್ಕೆ ನಡುಕದ ಮಾತ್ರೆ ಉಪಯೋಗವಿಲ್ಲ, ಬದಲಿಗೆ ಹೆಚ್ಚಿಸುತ್ತದೆ. ಒಂದೆಡೆ ಕೂರಲಾಗದ ಚಡಪಡಿಕೆ ಅಕಥಿಸಿಯಾಕ್ಕೂ ಈ ಮಾತ್ರೆಗಿಂತ ಪ್ರೊಪ್ರನೊಲಾಲ್ ಅಥವಾ ಔಷಧದ ಪ್ರಮಾಣ ಇಳಿಸುವುದು ಉತ್ತಮ. ಯಾವ ತೊಂದರೆಗೆ ಯಾವ ಔಷಧವೆಂದು ಬೇರ್ಪಡಿಸದೆ ಎಲ್ಲಕ್ಕೂ ಒಂದೇ ಗುಳಿಗೆ ಬರೆಯುವುದರಿಂದ ಅನಗತ್ಯ ಬಳಕೆ ಬೆಳೆಯುತ್ತದೆ.

ವಿಷಬಾಧೆಯನ್ನು ಗುರುತಿಸುವುದು

ಅತಿಯಾಗಿ ನುಂಗಿದಾಗ ಸನ್ನಿ ಹಿಡಿಯುತ್ತದೆ. ಪಾಪೆ ಅಗಲವಾಗಿ ಬೆಳಕಿಗೂ ಕುಗ್ಗುವುದಿಲ್ಲ, ಮುಖ ಕೆಂಪಾಗುತ್ತದೆ, ನಾಡಿ ಓಡುತ್ತದೆ, ಹೊಟ್ಟೆ ಉಬ್ಬಿ ಮೂತ್ರ ನಿಲ್ಲುತ್ತದೆ. ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾನೆ, ಬಟ್ಟೆಯ ದಾರ ಕೀಳುತ್ತಾನೆ, ಇಲ್ಲದವರೊಡನೆ ಮಾತಾಡುತ್ತಾನೆ, ಊರು, ವಾರ, ಮನೆಯವರ ಗುರುತು ತಪ್ಪುತ್ತಾನೆ. ಸ್ಕಿಜೋಫ್ರೇನಿಯಾ ಮರುಕಳಿಸಿದಾಗ ದನಿ ಕೇಳಿಸುವುದು ಹೆಚ್ಚು, ಸ್ಥಳ ಕಾಲದ ಅರಿವು ಬಹುಮಟ್ಟಿಗೆ ಉಳಿದಿರುತ್ತದೆ. ಗುಳಿಗೆಯ ಸನ್ನಿಯಲ್ಲಿ ಕಣ್ಣಿಗೆ ಕಾಣಿಸುವ ಭ್ರಮೆ ಹೆಚ್ಚು, ಅರಿವು ತಪ್ಪಿರುತ್ತದೆ. ಈ ವ್ಯತ್ಯಾಸ ತಪ್ಪಿದರೆ ಕಾಯಿಲೆ ಹೆಚ್ಚಾಯಿತೆಂದು ಅದೇ ಔಷಧಗಳ ಪ್ರಮಾಣ ಏರಿಸುವ ಅನಾಹುತ ಆಗುತ್ತದೆ.

ಇದನ್ನು ಕುಡಿತ ಬಿಟ್ಟಾಗಿನ ಸನ್ನಿಯಿಂದಲೂ ಬೇರ್ಪಡಿಸಬೇಕು. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿಗೆ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್ಪ್ರಜೋಲಾಮ್ ಬೆರೆಸುವ ದಂಧೆ ಹಳೆಯದು. 2015ರಲ್ಲಿ ನಿಜಾಮಾಬಾದ್, ಮೆಹಬೂಬನಗರ ಜಿಲ್ಲೆಗಳಲ್ಲಿ ಕಲಬೆರಕೆ ಸೇಂದಿಗೆ ತಡೆ ಬಿದ್ದಾಗ ಅದನ್ನೇ ನೆಚ್ಚಿಕೊಂಡಿದ್ದವರು ನಡುಗುತ್ತ, ಬಡಬಡಿಸುತ್ತ ಆಸ್ಪತ್ರೆಗಳಿಗೆ ಬಂದರು. ಕುಡಿತ, ನಿದ್ದೆ ಗುಳಿಗೆ ಬಿಟ್ಟಾಗಿನ ಸನ್ನಿಯಲ್ಲಿ ಮೈ ಬೆವರಿನಿಂದ ತೊಯ್ದಿರುತ್ತದೆ. ಆ್ಯಂಟಿಕೋಲಿನರ್ಜಿಕ್ ಸನ್ನಿಯಲ್ಲಿ ಕಂಕುಳು ಕೂಡ ಒಣಗಿರುತ್ತದೆ. ಕಂಕುಳಿಗೆ ಕೈ ಹಚ್ಚಿ ನೋಡುವ ಈ ಪರೀಕ್ಷೆಗೆ ಯಂತ್ರ ಬೇಡ. ಸೇಡಂ, ಚಿಂಚೋಳಿಯಂಥ ಗಡಿ ತಾಲ್ಲೂಕುಗಳ ತುರ್ತು ವಿಭಾಗಕ್ಕೆ ಇದು ಬಹಳ ಬೆಲೆಯುಳ್ಳದ್ದು.

ಚಿಕಿತ್ಸೆ ಮುಖ್ಯವಾಗಿ ಆಸರೆಯದು: ಔಷಧ ನಿಲ್ಲಿಸುವುದು, ಮೈ ತಣಿಸುವುದು, ದ್ರವ ಕೊಡುವುದು, ಮೂತ್ರದ ನಳಿಕೆ ಹಾಕುವುದು, ಇಸಿಜಿ ನೋಡುವುದು, ಉದ್ರೇಕಕ್ಕೆ ಬೆಂಜೊಡಯಜೆಪಿನ್ ಕೊಡುವುದು. ಉದ್ರೇಕ ಇಳಿಸಲು ಕ್ಲೋರ್‌ಪ್ರೊಮಜಿನ್ ಅಥವಾ ಪ್ರೊಮೆಥಜಿನ್ ಕೊಡುವುದು ವಿಷಕ್ಕೆ ವಿಷ ಸೇರಿಸಿದಂತೆ. ಫೈಸೊಸ್ಟಿಗ್ಮಿನ್ ಇದರ ಪ್ರತಿವಿಷ. ಅದನ್ನು ಹೃದಯದ ನಿಗಾ ಇರುವ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಬಳಸಬೇಕು.

ಬಿಡಿಸುವ ಕ್ರಮ

ವರ್ಷಗಟ್ಟಲೆ ನುಂಗಿದ ಮಾತ್ರೆಯನ್ನು ಒಂದೇ ದಿನ ಕಸಿದುಕೊಂಡರೆ ವಾಕರಿಕೆ, ಬೆವರು, ನಿದ್ರೆಗೇಡು, ದಿಗಿಲು, ಮೈಬಿಗಿತ ಮರಳುತ್ತವೆ. ಕೆಲವರಲ್ಲಿ ಮನೋರೋಗದ ಲಕ್ಷಣಗಳೂ ಏರುತ್ತವೆ. ರೋಗಿ ಬೇಕೆಂದೇ ನಾಟಕವಾಡುತ್ತಿದ್ದಾನೆಂದು ಮನೆಯವರು ತಿಳಿಯುವುದು ಆಗಲೇ. ಪ್ರಮಾಣವನ್ನು ವಾರಗಳ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುವುದು ಸರಿಯಾದ ದಾರಿ. ಮೊದಲು ಮನೋರೋಗದ ಮುಖ್ಯ ಔಷಧದ ಪ್ರಮಾಣ ತಗ್ಗಿಸಲು ಸಾಧ್ಯವೇ, ಸೆಳೆತ ಕಡಿಮೆ ತರುವ ಕ್ವೆಟಿಯಾಪಿನ್‌ನಂಥ ಔಷಧಕ್ಕೆ ಬದಲಿಸಬಹುದೇ ಎಂದು ನೋಡಬೇಕು. ಜೋಡಿ ಮಾತ್ರೆಯನ್ನು ಬಿಡಿ ಮಾತ್ರೆಗಳಾಗಿ ಬದಲಿಸಿದ ಮೇಲೆಯೇ ಇಳಿಸಲು ಬರುತ್ತದೆ. ನಿಧಾನವಾಗಿ ಇಳಿಸಿದರೆ ಬಹಳಷ್ಟು ರೋಗಿಗಳಲ್ಲಿ ನಡುಕ ಮರಳುವುದಿಲ್ಲ. ಮರಳಿದವರಿಗೆ ಕಡಿಮೆ ಪ್ರಮಾಣದಲ್ಲಿ ಮುಂದುವರಿಸುವುದೇ ನ್ಯಾಯ. ಸ್ವಯಂಚಿಕಿತ್ಸೆಗೆ ನುಂಗುತ್ತಿದ್ದವರಲ್ಲಿ ಒಳಗಿರುವ ಖಿನ್ನತೆ, ಸಂಕೋಚಕ್ಕೆ ಬೇರೆ ಚಿಕಿತ್ಸೆ ಕೊಡದೆ ಗುಳಿಗೆ ಮಾತ್ರ ಬಿಡಿಸಿದರೆ ಅವರು ಕುಡಿತದತ್ತ ಹೊರಳಬಹುದು.

ಕಾನೂನು

ಔಷಧ ಮತ್ತು ಕಾಂತಿವರ್ಧಕ ಕಾಯ್ದೆ 1940 ಹಾಗೂ ಅದರ 1945ರ ನಿಯಮಗಳ ಪ್ರಕಾರ ಟ್ರೈಹೆಕ್ಸಿಫೆನಿಡಿಲ್ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧ. 1985ರ ಮಾದಕ ದ್ರವ್ಯ ಕಾಯ್ದೆಯ ಪಟ್ಟಿಯಲ್ಲಿ ಇದಿಲ್ಲ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದರ 2 ಮಿ.ಗ್ರಾಂ ಮಾತ್ರೆ ಇದೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಅಗತ್ಯ ಪಟ್ಟಿಯ ಔಷಧಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರಕಾರಿ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೆ ಉಚಿತವಾಗಿ ಕೊಡಬೇಕೆನ್ನುತ್ತದೆ. ಈ ಮಾತ್ರೆಯನ್ನು ಮಾದಕದ್ರವ್ಯದಂತೆ ಬಿಗಿಗೊಳಿಸಿದರೆ ನಿಜವಾಗಿ ಸೆಳೆತ ಬಂದ ರೋಗಿಗೆ ಹಳ್ಳಿಯಲ್ಲಿ ಅದು ಸಿಗದೆ ಹೋಗುತ್ತದೆ. ಇರುವ ಕಾನೂನನ್ನು ಪಾಲಿಸಿದರೆ ಸಾಕು: ಹೊಸ ಚೀಟಿ ಇದ್ದರೆ ಮಾತ್ರ ಮಾರಾಟ, ಬರೆದಷ್ಟೇ ದಿನಗಳ ಮಾತ್ರೆ.

ತಡೆಯುವ ದಾರಿ

ಮೆಡಿಕಲ್ ಅಂಗಡಿಯವರ ಕಣ್ಣಿಗೆ ಇದು ಎಲ್ಲರಿಗಿಂತ ಮೊದಲು ಬೀಳುತ್ತದೆ. ಮೂರು ಔಷಧಗಳ ಚೀಟಿಯಲ್ಲಿ ಒಂದನ್ನಷ್ಟೇ ಕೇಳುವವರು, ತಿಂಗಳಿನ ಮಾತ್ರೆ ಹತ್ತು ದಿನಕ್ಕೇ ಮುಗಿಸಿ ಬರುವವರು ಕಂಡರೆ ಚೀಟಿ ಬರೆದ ವೈದ್ಯರಿಗೆ ತಿಳಿಸಬೇಕು. ಮನೆಯವರು ಮಾತ್ರೆಯ ಪಟ್ಟಿಯನ್ನು ತಮ್ಮ ಬಳಿ ಇಟ್ಟುಕೊಂಡು ದಿನದಷ್ಟೇ ಕೊಡಬೇಕು. ಹಿಂದಿನ ಎಲ್ಲ ಊರುಗಳ ಚೀಟಿಗಳನ್ನು ಒಂದೇ ಚೀಲದಲ್ಲಿ ಹಾಕಿ ಪ್ರತಿ ಭೇಟಿಗೂ ಒಯ್ಯಬೇಕು. ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಬಾಯಿ ಒಣಗುವುದು, ಮಲಬದ್ಧತೆ, ಸಂಜೆಯ ಹೊತ್ತಿನ ಅಸಂಬದ್ಧ ಮಾತುಗಳ ಬಗ್ಗೆ ವಿಚಾರಿಸಿದರೆ ಬಹಳ ತಿಳಿಯುತ್ತದೆ. ವೈದ್ಯರು ಮೂರು ತಿಂಗಳಿಗೊಮ್ಮೆಯಾದರೂ ಈ ಮಾತ್ರೆಯ ಅಗತ್ಯವನ್ನು ಮರುಪರಿಶೀಲಿಸಿ, ಮುಂದುವರಿಸಿದರೆ ಕಾರಣವನ್ನು ಚೀಟಿಯಲ್ಲೇ ಬರೆಯಬೇಕು. ದೂರ ಹೋಗಲಾಗದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆ ಕನ್ನಡದಲ್ಲೂ ಸಿಗುತ್ತದೆ.

ಆ್ಯಂಟಿಕೋಲಿನರ್ಜಿಕ್ ಔಷಧಗಳ ದುರ್ಬಳಕೆಗೆ ರೋಗಿಯ ದುರ್ನಡತೆಗಿಂತ, ಆರಂಭಿಸಿ ಮರೆತುಬಿಟ್ಟ ಚಿಕಿತ್ಸೆಯೇ ಹೆಚ್ಚು ಹೊಣೆ. ಮಾತ್ರೆಯನ್ನು ನಿಷೇಧಿಸುವುದೂ ರೋಗಿಯನ್ನು ಬೈಯುವುದೂ ಇದಕ್ಕೆ ಪರಿಹಾರವಲ್ಲ. ಮನೆಯಲ್ಲಿ ಯಾರಾದರೂ ಈ ಗುಳಿಗೆಯನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ನುಂಗುತ್ತಿದ್ದರೆ ತಾವಾಗಿ ನಿಲ್ಲಿಸಬೇಡಿ. ಮುಂದಿನ ಭೇಟಿಯಲ್ಲಿ ಚೀಟಿ ತೋರಿಸಿ, ಇದು ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.